ಹೊರುವ ಆಕಳನ್ನು ಆರಿಸುತ್ತಿದ್ದವರು

ಕಂಪೌಂಡರ್ ಕಾಕಾ ತೀರಿಕೊಂಡರೆಂದು ಅವರ ಮಗಳು ಮಸ್ಕಿಯಿಂದ ಫೋನು ಮಾಡಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದದ್ದು ಒಂದೇ ಪ್ರಶ್ನೆ: ‘ಜ್ವರ ಬಂದಿತ್ತೇನವ್ವಾ?’

‘ಇಲ್ರಿ ಅಮ್ಮಾರ. ಮಧ್ಯಾಹ್ನ ಉಂಡು ಅಡ್ಡಾಗಿದ್ರು, ಹಂಗ ಹ್ವಾದ್ರು’ ಎಂದಳು.

ನನಗೆ ಸಮಾಧಾನವಾಯಿತು. ಅದು ನನ್ನ ಧ್ವನಿಯಲ್ಲಿ ಅವಳಿಗೂ ಕೇಳಿಸಿರಬೇಕು. ಸಾವಿನ ಸುದ್ದಿಗೆ ಸಮಾಧಾನದ ಉಸಿರು ಬಿಟ್ಟವಳ ಬಗ್ಗೆ ಅವಳು ಏನು ತಿಳಿದುಕೊಂಡಳೋ ಗೊತ್ತಿಲ್ಲ. ಕಾಕಾ ಅವರಿಗೂ ಜ್ವರಕ್ಕೂ ಇದ್ದ ಸಂಬಂಧದಲ್ಲಿ ನನ್ನ ಪಾಲು ಎಷ್ಟೆಂಬುದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗದಗಿನ ಕಡೆಯವಳಾದ ನಾನು ಸಿಂಧನೂರು ಸೀಮೆಗೆ ಪಶುವೈದ್ಯೆಯಾಗಿ ಬಂದಿದ್ದೆ. ಹೆಣ್ಣುಮಗಳೊಬ್ಬಳು ಭುಜದತನಕ ಕೈಗವಸು ಏರಿಸಿಕೊಂಡು ಆಕಳ ಹಿಂದೆ ನಿಂತರೆ ಅದನ್ನು ನೋಡುವುದಕ್ಕೇ ಜನ ಕೂಡುತ್ತಿದ್ದರು. ಮೊದಲ ದಿನವೇ ಹಾಗೆ ಕೂಡಿದ ಗುಂಪನ್ನು ಕಾಕಾ ಒಂದೇ ಮಾತಿನಲ್ಲಿ ಚದುರಿಸಿದರು. ‘ಏನ್ ನೋಡಾಕತ್ತೀರಲೇ? ನಿಮ್ಮವ್ವ ನಿಮ್ಮನ್ನ ಹಡಿಯೋ ಮುಂದೂ ಹಿಂಗ ಸಂತಿ ನೆರೆದಿತ್ತೇನು?’

ಎತ್ತರದ, ಒಣಕಲು ಮೈ. ಹಣೆಯ ಮೇಲೆ ವಿಭೂತಿ, ಖಾಕಿ ಅಂಗಿ, ಮೊಣಕಾಲ ಮೇಲೆ ಕಟ್ಟಿದ ಧೋತರ. ಯಾರದೇ ಕೊಟ್ಟಿಗೆಗೆ ಹೋಗಲಿ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡುವರು. ದನದ ದವಾಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಔಷಧ ಅರೆದು, ಗಾಯ ಕಟ್ಟಿ, ಬಾಲ ಹಿಡಿದು ಬಂದವರು. ಡಾಕ್ಟರುಗಳು ಬಂದು ಹೋಗುತ್ತಿದ್ದರು, ಅವರು ಅಲ್ಲಿಯೇ ಇದ್ದರು.

ಆಕಳನ್ನು ನೋಡುವ ಅವರ ರೀತಿಯೇ ಬೇರೆ. ಮೊದಲು ಮೇವಿನ ಗೋದಲಿಗೆ ಕೈಹಾಕಿ, ತಿಂದು ಬಿಟ್ಟ ಜೋಳದ ಕಣಿಕೆಯನ್ನು ತಿರುವಿ ನೋಡುವರು. ಆಮೇಲೆ ಸಗಣಿ. ಆಮೇಲೆ ಮನೆಯವರು ಅದನ್ನು ಹೇಗೆ ಕರೆಯುತ್ತಾರೆ, ಕರೆದರೆ ಅದು ಕಿವಿ ತಿರುಗಿಸುತ್ತದೆಯೋ ಇಲ್ಲವೋ ಎಂಬುದು. ಕೊನೆಗೆ ಆಕಳು. ‘ನೀವು ಒಳಗಿಂದ ನೋಡ್ರಿ ಅಮ್ಮಾರ, ನಾ ಹೊರಗಿಂದ ನೋಡತೀನಿ. ಎರಡೂ ಕೂಡಿದ್ರ ಒಂದು ಪೂರಾ ಆಕಳ ಆಕ್ಕೈತಿ’ ಎನ್ನುತ್ತಿದ್ದರು.

ಅವರ ಈ ನೋಟಕ್ಕೆ ನಿಜವಾದ ಪರೀಕ್ಷೆ ಬಂದದ್ದು ಭ್ರೂಣ ವರ್ಗಾವಣೆಯ ಕೆಲಸ ನಮ್ಮ ಪಾಲಿಗೆ ಬಂದಾಗ.

ಲಿಂಗಸುಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೃಷ್ಣಾ ತೀರದ ತಳಿಯ ಒಂದು ಮುದಿ ಆಕಳಿತ್ತು. ಎರೆಹೊಲದ ಆಳದ ಉಳುಮೆಗೆಂದೇ ಹೆಸರಾದ ತಳಿ ಅದು. ಕಾಲುವೆ, ಭತ್ತ, ಟ್ರ್ಯಾಕ್ಟರು ಬಂದ ಮೇಲೆ ಅಂಥ ಎತ್ತುಗಳು ಯಾರಿಗೂ ಬೇಡವಾಗಿ, ಶುದ್ಧ ತಳಿಯ ಆಕಳು ಹುಡುಕಿದರೂ ಸಿಗದ ಹಾಗಾಗಿತ್ತು. ಈ ಮುದಿಯಾಕಳು ಇನ್ನೊಂದು ಸಲ ಗಬ್ಬ ಹೊತ್ತು ಈಯುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಸೂಜಿಮದ್ದು ಕೊಟ್ಟು ಹಲವು ಅಂಡಗಳು ಒಮ್ಮೆಗೇ ಬಲಿಯುವಂತೆ ಮಾಡಿ, ಒಳ್ಳೆಯ ಹೋರಿಯ ವೀರ್ಯ ಕೊಟ್ಟು, ಏಳನೆಯ ದಿನ ಅದರ ಗರ್ಭದಿಂದ ಭ್ರೂಣಗಳನ್ನು ತೊಳೆದು ತೆಗೆದು, ಬೇರೆ ಆಕಳುಗಳ ಗರ್ಭದಲ್ಲಿ ಇಡುವುದು ಯೋಜನೆ. ದೂರದ ಕೇಂದ್ರವೊಂದರಿಂದ ತಜ್ಞರೊಬ್ಬರು ಸೂಕ್ಷ್ಮದರ್ಶಕದೊಂದಿಗೆ ಬರುವವರಿದ್ದರು. ಭ್ರೂಣವನ್ನು ಇಡುವ ತರಬೇತಿ ನನಗೆ ಆಗಿತ್ತು. ಹೊರುವ ಆಕಳುಗಳನ್ನು ಆರಿಸುವುದು ನಮ್ಮ ದವಾಖಾನೆಯ ಕೆಲಸ.

ಹೊರುವ ಆಕಳು ಚೆಂದ ಇರಬೇಕಿಲ್ಲ, ಹೆಚ್ಚು ಹಾಲು ಕೊಡಬೇಕಿಲ್ಲ. ತಪ್ಪದೆ ಬೆದೆಗೆ ಬರಬೇಕು, ಹಿಂದೆ ಸಲೀಸಾಗಿ ಈದಿರಬೇಕು, ದಿನ ತುಂಬುವ ಮೊದಲೇ ಕಂದು ಹಾಕುವ ರೋಗ ಇರಬಾರದು, ದೊಡ್ಡ ಕರು ಹೊರಬರುವಷ್ಟು ಸೊಂಟ ಅಗಲವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮುದಿಯಾಕಳು ಬೆದೆಗೆ ಬಂದ ದಿನವೇ ಇದೂ ಬಂದಿರಬೇಕು. ಒಂದು ದಿನ ಹಿಂದೆಮುಂದೆಯಾದರೆ ನಡೆದೀತು, ಎರಡು ದಿನವಾದರೆ ಇಟ್ಟ ಭ್ರೂಣ ಹಾಳು.

ಕಾಕಾ ಎರಡು ತಿಂಗಳು ಸೈಕಲ್ ಮೇಲೆ ತಿರುಗಿದರು. ಮೂವತ್ತಕ್ಕೂ ಹೆಚ್ಚು ಆಕಳು ನೋಡಿ ನಾಲ್ಕನ್ನು ಒಪ್ಪಿದರು. ಅವುಗಳಲ್ಲಿ ಒಂದು ವಳಕಮದಿನ್ನಿಯ ಹುಲಿಗೆಮ್ಮನ ಆಕಳು. ಹುಲಿಗೆಮ್ಮ ಭತ್ತದ ನಾಟಿ ಮಾಡುವ ಕೂಲಿ ಹೆಂಗಸು, ಗಂಡ ಇಲ್ಲ. ಆಕಳು ಬೂದು ಬಣ್ಣದ್ದು, ಪಕ್ಕೆಲುಬು ಕಾಣುತ್ತಿದ್ದವು. ನನಗೆ ಅದು ಹಿಡಿಸಲಿಲ್ಲ. ‘ಸಣ್ಣದಾತು ಕಾಕಾ’ ಎಂದೆ.

‘ಎತ್ತರ ನೋಡಬ್ಯಾಡ್ರಿ, ಹಿಂದ ಬಂದು ಟೊಂಕದ ಎಲುಬು ನೋಡ್ರಿ’ ಎಂದು ತಮ್ಮ ಗೇಣು ಇಟ್ಟು ಅಳೆದು ತೋರಿಸಿದರು. ‘ಇದು ಸುಗ್ಗಿ ಇರಲಿ, ಬ್ಯಾಸಗಿ ಇರಲಿ, ಇಪ್ಪತ್ತೊಂದನೇ ದಿನ ಅಂದ್ರ ಇಪ್ಪತ್ತೊಂದನೇ ದಿನ. ಮೂರು ಸೂಲು ನಾನ ನೋಡೀನಿ.’

ಹುಲಿಗೆಮ್ಮನಿಗೆ ವಿಷಯ ತಿಳಿಸಿ ಹೇಳುವುದು ಹೇಗೆಂದು ನಾನು ತಡವರಿಸುತ್ತಿದ್ದಾಗ ಅವಳೇ ಹೇಳಿದಳು: ‘ಅಂದ್ರ ಒಂದು ಮಡ್ಯಾಗಿನ ಸಸಿ ಕಿತ್ತು ಇನ್ನೊಂದು ಗದ್ಯಾಗ ನಾಟಿ ಮಾಡಿದಂಗ ಅನ್ರಿ. ಅದಕ್ಯಾಕ ಇಷ್ಟು ಮಾತು?’

ಐದನೆಯ ಆಕಳು ಕಾಕಾ ಆರಿಸಿದ್ದಲ್ಲ. ಅದು ಹತ್ತಿರದ ಊರಿನ ಸಾಹುಕಾರರೊಬ್ಬರದು. ನಮ್ಮ ಮೇಲಧಿಕಾರಿಗಳೇ ಅದನ್ನು ಸೇರಿಸಿದ್ದರು. ಕೆಂಪು ಮೈ ಹೊಳೆಯುವ ದೊಡ್ಡ ಆಕಳು, ಸಿಮೆಂಟಿನ ಕೊಟ್ಟಿಗೆ, ಇಬ್ಬರು ಆಳು. ನಾನು ಒಳಗಿಂದ ನೋಡಿದೆ, ಒಂದು ಕೊರತೆಯೂ ಕಾಣಲಿಲ್ಲ. ಕಾಕಾ ಗೋದಲಿ ನೋಡಿದರು, ಸಗಣಿ ನೋಡಿದರು, ಕೊನೆಗೆ ಆಳಿನ ಮುಖ ನೋಡಿದರು. ‘ಹ್ವಾದ ವರ್ಷದ ಕರ ಎಲ್ಲೈತೋ?’ ಎಂದು ಕೇಳಿದರು. ಅವನು ‘ಮಾರ್‍ಯಾರ್ರಿ’ ಎಂದು ಹೇಳಿ ಬಕೆಟ್ ಎತ್ತಿಕೊಂಡು ಹೋಗಿಬಿಟ್ಟ.

ದಾರಿಯಲ್ಲಿ ಕಾಕಾ ಅಂದರು: ‘ಆ ಮನ್ಯಾಗ ಹುಟ್ಟಿದ ಕರ ಮಾರೋ ಪದ್ಧತಿ ಇಲ್ಲ. ಅದು ಕಂದು ಹಾಕಿರಬೇಕು ಅಂತ ನನಗ ಅನುಮಾನ.’

‘ಅನುಮಾನ ಬರಕೊಳ್ಳಾಕ ಆಗೂದಿಲ್ಲ ಕಾಕಾ. ರಕ್ತ ಪರೀಕ್ಷೆ ಬರಲಿ’ ಎಂದೆ.

ಐದೂ ಆಕಳ ರಕ್ತ ಕಳಿಸಿದೆವು. ನಾಲ್ಕರ ವರದಿ ಬಂತು, ರೋಗವಿಲ್ಲ. ಸಾಹುಕಾರರ ಆಕಳ ಸೀಸೆ ದಾರಿಯಲ್ಲಿ ಒಡೆದಿದೆ, ಮತ್ತೆ ಕಳಿಸಿ ಎಂದು ಚೀಟಿ ಬಂತು. ಮತ್ತೆ ಕಳಿಸಿದೆವು. ವರದಿ ಬರುವ ಮೊದಲು ಆ ದಿನ ಬಂತು.

ಬೆಳಿಗ್ಗೆ ಲಿಂಗಸುಗೂರಿನಲ್ಲಿ ತಜ್ಞರು ಮುದಿಯಾಕಳ ಗರ್ಭವನ್ನು ತೊಳೆದರು. ಆರಾದರೂ ಸಿಗಬಹುದೆಂದು ಲೆಕ್ಕ ಹಾಕಿದ್ದೆವು. ತಜ್ಞರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ‘ಎರಡು’ ಎಂದರು. ಆಮೇಲೆ ತಲೆಯೆತ್ತಿ, ‘ಎರಡೇ. ಈ ಆಕಳು ಇನ್ನೊಮ್ಮೆ ಈ ಸೂಜಿ ತಡೆಯಲಾರದು. ಇವೇ ಕೊನೆಯವು’ ಎಂದರು. ಆ ಎರಡನ್ನೂ ಕಡ್ಡಿಯಂಥ ಎರಡು ಸಣ್ಣ ಕೊಳವೆಗಳಲ್ಲಿ ತುಂಬಿ, ಬೆಚ್ಚಗಿನ ನೀರಿನ ಫ್ಲಾಸ್ಕಿನಲ್ಲಿಟ್ಟು ನನ್ನ ಕೈಗೆ ಕೊಟ್ಟರು. ಮಧ್ಯಾಹ್ನದೊಳಗೆ ಇಟ್ಟು ಮುಗಿಸಬೇಕು.

ಜೀಪಿನಲ್ಲಿ ಮುಂದೆ ಮೇಲಧಿಕಾರಿಗಳು, ಹಿಂದೆ ನಾನು, ಎದುರಿಗೆ ಕಾಕಾ. ಕೊಟ್ಟಿಗೆ ಬದಲಾದರೆ ಆಕಳು ಬೆದರುತ್ತದೆ, ಭ್ರೂಣ ನಿಲ್ಲುವುದಿಲ್ಲ, ನಾವೇ ಅವುಗಳ ಬಳಿ ಹೋಗೋಣ ಎಂದು ಹಟ ಹಿಡಿದವರು ಅವರೇ. ರಸ್ತೆಯ ಒಂದೊಂದು ಕುಣಿಗೂ ನಾನು ಫ್ಲಾಸ್ಕನ್ನು ಮಡಿಲಿನಿಂದ ಎತ್ತಿ ಹಿಡಿಯುತ್ತಿದ್ದೆ.

ಐದರಲ್ಲಿ ಸರಿಯಾದ ದಿನ ಬೆದೆಗೆ ಬಂದವು ಮೂರೇ: ಮಸ್ಕಿಯ ಅಂಗಡಿಕಾರರೊಬ್ಬರದು, ಸಾಹುಕಾರರದು, ಹುಲಿಗೆಮ್ಮನದು. ಮಸ್ಕಿ ಮೊದಲು ಸಿಕ್ಕಿತು. ಕೈಹಾಕಿ ನೋಡಿದೆ. ಏಳನೆಯ ದಿನಕ್ಕೆ ಅಂಡಾಶಯದ ಮೇಲೆ ಗಟ್ಟಿಯಾದ ಗಂಟೊಂದು ಎದ್ದಿರಬೇಕು. ಗಬ್ಬ ನಿಲ್ಲಿಸುವುದೇ ಅದು. ಇಲ್ಲಿ ಅದು ಬೆರಳಿಗೆ ಸಿಗಲೇ ಇಲ್ಲ. ಇನ್ನೊಮ್ಮೆ ನೋಡಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ‘ಆಗೂದಿಲ್ಲ’ ಎಂದೆ. ಉಳಿದವು ಎರಡು ಆಕಳು, ಎರಡು ಭ್ರೂಣ.

ಸಿಂಧನೂರು ದಾಟಿ ಕಾಲುವೆಯ ದಂಡೆಗೆ ಬಿದ್ದಾಗ ಕಾಕಾ ಬಾಯಿ ತೆರೆದರು. ‘ಅಮ್ಮಾರ, ಎರಡೂ ಹುಲಿಗೆಮ್ಮನ ಆಕಳಿಗೇ ಇಡ್ರಿ. ಎರಡರಾಗ ಒಂದರ ನಿಲ್ಲತೈತಿ.’

ಮೇಲಧಿಕಾರಿಗಳು ತಿರುಗಿದರು. ‘ಏನಂತಾನ ಇವ?’

‘ಸಾಹೇಬ್ರ, ಸಾಹುಕಾರ್ರ ಆಕಳ ರಿಪೋರ್ಟ್ ಬಂದಿಲ್ರಿ.’

‘ಬರತೈತಿ ಬಿಡೋ. ಅಂಥಾ ಆಕಳ ಈ ಸೀಮ್ಯಾಗ ಇನ್ನೊಂದು ತೋರಿಸು. ಬಡಕಲು ಆಕಳಿಗೆ ಎರಡೂ ಇಟ್ಟು ಎರಡೂ ಕಳಕೊಳ್ಳೂದೇನು? ಡಾಕ್ಟರು ಯಾರು, ನೀನೋ ಅವರೋ?’

ಕಾಕಾ ನನ್ನ ಮುಖ ನೋಡಿದರು. ವರದಿಯಿಲ್ಲದ ಆಕಳಿಗೆ ಕೈಹಚ್ಚಬಾರದೆಂಬ ನಿಯಮ ನನಗೆ ಗೊತ್ತಿತ್ತು. ಆದರೆ ಆ ಆಕಳ ಒಳಗನ್ನು ನನ್ನ ಬೆರಳುಗಳು ನೋಡಿದ್ದವು. ಅದು ಚೆನ್ನಾಗಿತ್ತು. ನೌಕರಿಗೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ‘ಒಂದು ಇಲ್ಲಿ, ಒಂದು ಅಲ್ಲಿ ಇಡೋಣ’ ಎಂದೆ.

ಕಾಕಾ ಸಾಹುಕಾರರ ಕೊಟ್ಟಿಗೆಯ ಹೊರಗೆ ಚಪ್ಪಲಿ ಬಿಟ್ಟರು. ಆಕಳ ಕುತ್ತಿಗೆ ಸವರಿ, ಬಾಲವನ್ನು ಒಂದು ಪಕ್ಕಕ್ಕೆ ಹಿಡಿದು, ನಾನು ಕೊಳವೆಯನ್ನು ಒಳಗೆ ಸಾಗಿಸಿ ಮುಗಿಸುವತನಕ ಅದು ಒಂದು ಹೆಜ್ಜೆಯೂ ಕದಲದಂತೆ ನೋಡಿಕೊಂಡರು. ತಮಗೆ ಒಪ್ಪಿಗೆಯಿಲ್ಲದ ಕೆಲಸವನ್ನು ಅಷ್ಟು ನಿಷ್ಠೆಯಿಂದ ಮಾಡಿದವರನ್ನು ನಾನು ಆಮೇಲೆ ನೋಡಿಲ್ಲ. ಅಲ್ಲಿಂದ ವಳಕಮದಿನ್ನಿಗೆ ಹೋದೆವು. ಹುಲಿಗೆಮ್ಮ ಕೆಸರುಗಾಲಿನಲ್ಲೇ ಗದ್ದೆಯಿಂದ ಓಡಿಬಂದಳು. ಎರಡನೆಯ ಭ್ರೂಣವನ್ನು ಅಲ್ಲಿ ಇಟ್ಟೆ.

ಮೂರು ತಿಂಗಳಿಗೆ ಪರೀಕ್ಷಿಸಿದಾಗ ಎರಡೂ ಆಕಳು ಗಬ್ಬವಾಗಿದ್ದವು. ಮೇಲಧಿಕಾರಿಗಳು ಪೇಡೆ ಹಂಚಿದರು. ಎರಡನೆಯ ಸಲ ಕಳಿಸಿದ ರಕ್ತದ ವರದಿ ಏನಾಯಿತೆಂದು ನಾನು ಒಮ್ಮೆ ಪತ್ರ ಬರೆದು ಕೇಳಿದೆ, ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲಿಲ್ಲ ಎಂಬುದೇ ನಿಜ.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಸಾಹುಕಾರರ ಆಳು ದವಾಖಾನೆಯ ಬಾಗಿಲಲ್ಲಿ ನಿಂತಿದ್ದ. ‘ಆಕಳ ಕಂದು ಹಾಕೈತ್ರಿ. ಮಾಸು ಬಿದ್ದಿಲ್ಲ.’

ಹೋದೆವು. ಕೊಟ್ಟಿಗೆಯ ಹತ್ತಿರ ಬರುತ್ತಲೇ ಆ ವಾಸನೆ ಮೂಗಿಗೆ ಹೊಡೆಯಿತು. ನಾನು ಚೀಲದಿಂದ ಕೈಗವಸು ತೆಗೆದೆ. ಇದ್ದದ್ದು ಒಂದೇ ಜೊತೆ, ಅದೂ ಬೆರಳ ಸಂದಿಯಲ್ಲಿ ಹರಿದಿತ್ತು. ಕಾಕಾ ಬಾಗಿಲಿಗೆ ಅಡ್ಡ ನಿಂತರು.

‘ನೀವು ಒಳಗ ಬರಬ್ಯಾಡ್ರಿ.’

‘ದಾರಿ ಬಿಡ್ರಿ ಕಾಕಾ. ಮಾಸು ತೆಗೀಬೇಕು.’

‘ನಾ ತೆಗೀತೀನಿ.’

ನನಗೆ ಸಿಟ್ಟು ಬಂತು. ಸಾಹುಕಾರರೂ ಆಳುಗಳೂ ನೋಡುತ್ತಿದ್ದರು. ‘ಇದು ನನ್ನ ಕೆಲಸ. ಬಾಜೂಕ ಸರೀರಿ’ ಎಂದು ಧ್ವನಿ ಏರಿಸಿದೆ.

ಅವರು ಹತ್ತಿರ ಬಂದು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು: ‘ಎಷ್ಟನೇ ತಿಂಗಳ್ರಿ ಅಮ್ಮಾರ?’

ನನಗೆ ಆಗ ಮೂರು ತಿಂಗಳು. ಗಂಡನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ತವರಿಗೂ ಬರೆದಿರಲಿಲ್ಲ.

‘ಹದಿನೈದು ದಿನದಿಂದ ಔಷಧದ ಬಾಟಲಿ ಹೊರಗ ಒಯ್ದು ತೆಗೀರಿ ಅನ್ನಾಕತ್ತೀರಿ. ಚಹಾದ ವಾಸನಿಗೂ ಮುಖ ತಿರುಗಸ್ತೀರಿ. ನನಗೂ ನಾಕು ಮಕ್ಕಳದಾವ್ರಿ’ ಎಂದರು. ‘ಇದು ಅದೇ ರೋಗ ಆಗಿದ್ರ ಬಸುರಿ ಹೆಂಗಸು ಈ ಹೊಲಸು ಮುಟ್ಟಬಾರದು ಅಂತ ನೀವ ನನಗ ಹೇಳಿದ್ರಿ. ಹೋಗ್ರಿ, ಜೀಪಿನ್ಯಾಗ ಕುಂಡ್ರಿ.’

ಜೀಪಿನಲ್ಲಿ ಕುಳಿತೆ. ಕೈಗವಸು ಅವರಿಗೇ ಕೊಟ್ಟಿದ್ದೆ. ಅದು ಮೊದಲ ಎಳೆತಕ್ಕೇ ಪೂರಾ ಹರಿಯಿತೆಂದು ಆಮೇಲೆ ತಿಳಿಯಿತು. ಅವರು ಬರಿಗೈಯಲ್ಲೇ ಗರ್ಭಕ್ಕೆ ಅಂಟಿದ್ದ ಮಾಸು ಬಿಡಿಸಿದರು. ಸತ್ತ ಕರುವನ್ನು ಗೋಣಿಯಲ್ಲಿ ಸುತ್ತಿ ಆಳವಾದ ತಗ್ಗಿನಲ್ಲಿ ಸುಣ್ಣ ಹಾಕಿ ಹೂಳಿಸಿದರು. ಅದು ಹೆಣ್ಣುಗರು, ಅದರ ಹಣೆ ಆ ಮುದಿಯಾಕಳದ್ದೇ ಎಂದು ಅವರೇ ಹೇಳಿದರು. ತಗ್ಗು ತೋಡಿದ ಆಳು ಅಂದನಂತೆ: ‘ಹ್ವಾದ ವರ್ಷದ್ದು ಆ ಕಡಿ ಐತ್ರಿ, ಬೇವಿನ ಗಿಡದ ಬುಡಕ.’ ಸಾಹುಕಾರರು ಆ ಮಾತು ಕೇಳಿಯೂ ಕೇಳದವರಂತೆ ಒಳಗೆ ಹೋದರು. ಈ ಸಲ ಕಳಿಸಿದ ಆಕಳ ರಕ್ತದ ವರದಿ ಹತ್ತೇ ದಿನದಲ್ಲಿ ಬಂತು. ಅದೇ ರೋಗ.

ಒಂದು ತಿಂಗಳ ಮೇಲೆ ಕಾಕಾ ಅವರಿಗೆ ಜ್ವರ ಶುರುವಾಯಿತು. ಸಂಜೆ ಏರುವುದು, ಬೆಳಿಗ್ಗೆ ಬೆವರಿ ಇಳಿಯುವುದು. ಮಲೇರಿಯಾ ಎಂದು ಒಬ್ಬರು ಮಾತ್ರೆ ಕೊಟ್ಟರು, ವಿಷಮಜ್ವರ ಎಂದು ಇನ್ನೊಬ್ಬರು. ಅವರು ಮನೆಯಲ್ಲಿ ಮಲೇರಿಯಾ ಎಂದೇ ಹೇಳಿದರು. ಮೊಣಕಾಲು ಬಾತು, ಸೈಕಲ್ ಹತ್ತಲಾಗದೆ ತಳ್ಳಿಕೊಂಡು ಬರತೊಡಗಿದರು. ಅದನ್ನು ನೋಡಿದ ದಿನವೇ ನನಗೆ ಎಲ್ಲ ಹೊಳೆಯಿತು: ಆಕಳ ರೋಗವೇ ಆ ಬರಿಗೈಯಿಂದ ಅವರಿಗೂ ಹತ್ತಿರಬೇಕು. ಅವರ ರಕ್ತ ತೆಗೆಸಲು ಹೊರಟೆ. ‘ನಿಮ್ದೂ ಕಳಿಸ್ರಿ, ಅಂದ್ರ ನಂದು ತಗೀರಿ’ ಎಂದು ಹಟ ಹಿಡಿದರು. ಅದಕ್ಕಾಗಿ ನನ್ನದನ್ನೂ ತೆಗೆಸಿ ಎರಡನ್ನೂ ಕಳಿಸಿದೆ.

ವರದಿ ಬರುವ ಮೊದಲೇ ಹುಲಿಗೆಮ್ಮನ ಆಕಳ ದಿನ ತುಂಬಿತು. ಬೆಳಿಗ್ಗೆಯೇ ನೋವು ಶುರುವಾಗಿ ಮಧ್ಯಾಹ್ನವಾದರೂ ಕರು ಬರಲಿಲ್ಲ. ಎರಡು ಕಾಲ ಗೊರಸು ಮಾತ್ರ ಕಾಣುತ್ತಿದ್ದವು. ಆ ಗೊರಸಿನ ದಪ್ಪವೇ ಕರು ಎಷ್ಟು ದೊಡ್ಡದೆಂದು ಹೇಳುತ್ತಿತ್ತು. ಕಾಕಾ ರಜೆಯಲ್ಲಿದ್ದರು. ಯಾರು ಹೇಳಿದರೋ, ಎತ್ತಿನ ಬಂಡಿಯಲ್ಲಿ ಕಂಬಳಿ ಹೊದ್ದು ಬಂದಿಳಿದರು. ಕಣ್ಣು ಕೆಂಪಾಗಿತ್ತು, ಕೈ ನಡುಗುತ್ತಿತ್ತು. ಒಳಗೆ ಬಂದು ಒಂದು ಕಲ್ಲಿನ ಮೇಲೆ ಕುಳಿತರು.

‘ತಲಿ ಹಿಂದಕ್ಕ ಹೊಳ್ಳೈತೇನ್ರಿ?’

ಕೈಹಾಕಿ ನೋಡಿದೆ. ‘ಇಲ್ಲ. ಸರಿ ಐತಿ. ಆದ್ರ ದೊಡ್ಡದೈತಿ ಕಾಕಾ, ಬಾಳ ದೊಡ್ಡದೈತಿ.’

‘ಟೊಂಕ ಹಿಡಸತೈತಿ. ಅವಸರ ಮಾಡಬ್ಯಾಡ್ರಿ. ಹುಲಿಗೆಮ್ಮ, ನೀ ಹಗ್ಗ ಹಿಡಿ. ಆಕಳ ತಿಣಕಿದಾಗ ಅಷ್ಟ ಜಗ್ಗು, ಅದು ಬಿಟ್ರ ನೀನೂ ಬಿಡು. ಅಮ್ಮಾರ, ನೀವು ಜಗ್ಗಬ್ಯಾಡ್ರಿ, ತಲಿಗೆ ದಾರಿ ಮಾಡ್ರಿ.’

ಹುಲಿಗೆಮ್ಮ ಜಗ್ಗಿದಳು, ಬಿಟ್ಟಳು. ಜಗ್ಗಿದಳು, ಬಿಟ್ಟಳು. ಆಕಳು ನರಳಿ ಮಗ್ಗುಲಾಗಿ ಮಲಗಿತು. ‘ಸಾಯತೈತೇನ್ರಿ?’ ಎಂದು ಅವಳು ಅಳುತ್ತಲೇ ಕೇಳಿದಳು. ‘ಬಾಯಿ ಮುಚ್ಚಿ ಜಗ್ಗಬೇ’ ಎಂದು ಕಾಕಾ ಗದರಿದರು. ತಲೆ ಹೊರಬಂದಾಗ ನಾಲಿಗೆ ನೀಲಿಯಾಗಿತ್ತು. ಆಮೇಲೆ ಭುಜ, ಆಮೇಲೆ ಒಮ್ಮೆಗೇ ಇಡೀ ಕರು ನೆಲಕ್ಕೆ ಬಿತ್ತು. ಅದು ಅಲುಗಲಿಲ್ಲ.

ಕಾಕಾ ಕಲ್ಲಿನಿಂದ ಇಳಿದು, ಮಡಚಲಾಗದ ಮೊಣಕಾಲನ್ನು ಎಳೆದುಕೊಂಡು ಬಂದರು. ಕರುವಿನ ಮೂಗಿನ ಲೋಳೆ ಹಿಂಡಿ ತೆಗೆದರು. ಒಂದು ಹುಲ್ಲುಕಡ್ಡಿಯನ್ನು ಮೂಗಿನೊಳಗೆ ಆಡಿಸಿದರು. ಏನೂ ಇಲ್ಲ. ಇನ್ನೊಮ್ಮೆ ಆಡಿಸಿದರು. ಕರು ಸೀನಿತು. ಎದೆ ಏರಿತು, ಇಳಿಯಿತು. ಹೆಣ್ಣುಗರು. ಹುಲಿಗೆಮ್ಮ ಕೈಯಲ್ಲಿ ಹಗ್ಗ ಹಿಡಿದಂತೆಯೇ ಗೋಡೆಗೊರಗಿ ಕುಸಿದಳು. ಬೂದು ಆಕಳು ತಲೆ ತಿರುಗಿಸಿ, ತನಗಿಂತ ಬೇರೆ ಬಣ್ಣದ, ಬೇರೆ ಎಲುಬಿನ ಆ ಕರುವನ್ನು ನೆಕ್ಕತೊಡಗಿತು. ಆ ಕರು ಮುಂದೆ ಬೆಳೆದು ಹುಲಿಗೆಮ್ಮನ ಹಟ್ಟಿಯಲ್ಲೇ ನಾಲ್ಕು ಸಲ ಈದಿತು.

ಎರಡು ದಿನ ಕಳೆದು ವರದಿಗಳು ಬಂದವು. ಲಕೋಟೆ ಒಂದೇ, ಒಳಗೆ ಹಾಳೆ ಎರಡು. ಕಾಕಾ ಸಂಬಳದ ಪುಸ್ತಕಕ್ಕೆ ಸಹಿ ಮಾಡಲು ಬಂದವರು ನನ್ನ ಮೇಜಿನ ಮುಂದೆಯೇ ಇದ್ದರು. ಮೇಲಿನ ಹಾಳೆ ಅವರದು. ಮೊದಲ ಸಾಲಿನಲ್ಲೇ ರೋಗ ಇದೆ ಎಂದಿತ್ತು.

‘ನಂದು ಇರಲಿ. ನಿಮ್ದು ಓದ್ರಿ’ ಎಂದರು.

ಓದಿದೆ. ‘ರೋಗ ಇಲ್ಲ ಅಂತ ಐತಿ.’

‘ಇನ್ನೊಮ್ಮೆ ನೋಡ್ರಿ. ಹೆಸರು ನಿಮ್ದ ಐತಿಲ್ಲೋ?’

‘ನಂದೇ ಐತಿ ಕಾಕಾ. ಇಲ್ಲ ಅಂತ ಐತಿ.’

ಅವರು ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ತುಟಿ ಅಲುಗಿತು. ಯಾವ ದೇವರ ಹೆಸರೋ, ನನಗೆ ಕೇಳಿಸಲಿಲ್ಲ. ಆಗ ನನಗೆ ತಡೆಯಲಾಗಲಿಲ್ಲ. ‘ಅವತ್ತು ಜೀಪಿನ್ಯಾಗ ನಿಮ್ಮ ಮಾತು ಕೇಳಿದ್ರ ನಿಮಗ ಇದು ಬರತಿರಲಿಲ್ಲ’ ಎಂದು ಹೇಳುತ್ತ ಅತ್ತುಬಿಟ್ಟೆ.

‘ಅಳಬ್ಯಾಡ್ರಿ. ಹೊಟ್ಟ್ಯಾಗಿನ ಕೂಸಿಗೆ ಚಲೋ ಅಲ್ಲ’ ಎಂದರು. ಮತ್ತೆ ಹೇಳಿದರು: ‘ನನಗರ ಖಾತ್ರಿ ಎಲ್ಲಿತ್ರಿ? ಅನುಮಾನ ಇತ್ತು, ಅಷ್ಟ. ಖಾತ್ರಿ ಇದ್ದಿದ್ರ ಆ ಕೊಳವಿ ನಿಮ್ಮ ಕೈಯಿಂದ ಕಸಗೊಂಡು ಕಾಲುವಿಗೆ ಒಗೀತಿದ್ದೆ. ಸಾಹೇಬ್ರಿಗೆ ನೀವು ಅಂಜಿದ್ರಿ, ನಾನೂ ಅಂಜಿದೆ.’

ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಜ್ವರ ಬಿಟ್ಟಿತು, ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ. ನಿವೃತ್ತಿಯವರೆಗೂ ಅವರು ಕೋಲೂರಿಕೊಂಡೇ ಕೆಲಸಕ್ಕೆ ಬಂದರು. ಆದರೆ ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ವರದಿ ಬಂದ ಆ ಬೆಳಿಗ್ಗೆಯೇ. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ. ಹೊರಗೆ ಗೊರೇಬಾಳದ ರೈತನೊಬ್ಬ ಆಕಳನ್ನೂ ಅದರ ರಕ್ತ ಪರೀಕ್ಷೆಯ ಕಾಗದವನ್ನೂ ಹಿಡಿದುಕೊಂಡು ನಿಂತಿದ್ದ. ಕಾಕಾ ತಮ್ಮ ಹಾಳೆಯನ್ನು ಓದಿಸಿಕೊಳ್ಳದೆಯೇ ಮಡಚಿ ಅಂಗಿಯ ಜೇಬಿಗಿಟ್ಟರು. ರಜೆಯಲ್ಲಿದ್ದವರು ಗೋಡೆ ಹಿಡಿದುಕೊಂಡು ಹೊರಗೆ ಹೋಗಿ, ಆ ಆಕಳ ಬಾಲವನ್ನು ಒಂದು ಪಕ್ಕಕ್ಕೆ ಹಿಡಿದು ನಿಂತರು.

‘ಬರ್ರಿ ಅಮ್ಮಾರ’ ಎಂದು ಕರೆದರು. ‘ಇದರ ರಕ್ತದ ಕಾಗದ ನೋಡೀನಿ. ಏನೂ ಇಲ್ಲ. ಕೈ ಹಾಕ್ರಿ.’